ಸುಟ್ಟ ಚೀನಿಕಾಯಿಗೆ ತೆಂಗಿನ ಹಾಲು ಸಾಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಅಡುಗೆ ಪುಟದಲ್ಲಿ ಕಳೆದ ವಾರ ಬಂದ, ಬಟರ್‌ನಟ್ ಸ್ಕ್ವಾಶನ್ನು ಓವನ್ನಿನಲ್ಲಿ ಸುಟ್ಟು ಕ್ರೀಮ್ ಬೆರೆಸುವ ವ್ಯಂಜನದ ವಿವರವನ್ನು ಆಸಕ್ತಿಯಿಂದ ಓದಿದೆ. ನಮ್ಮ ನೀರ್ಚಾಲು, ಬದಿಯಡ್ಕದ ತರಕಾರಿ ಅಂಗಡಿಗಳಲ್ಲಿ ಆ ಕಾಯಿಯನ್ನು ನಾನು ಕಂಡಿಲ್ಲ. ಆದರೆ ಅದು ಸಿಗಲಿಲ್ಲವೆಂದು ಈ ಅಡುಗೆಯನ್ನು ಕೈಬಿಡಬೇಕಾಗಿಲ್ಲ. ನಾವು ಚೀನಿಕಾಯಿ ಎನ್ನುವ, ತುಳುವಿನಲ್ಲಿ ಕೆಂಬುಡೆ, ಮಲಯಾಳದಲ್ಲಿ ಮತ್ತಂಗ, ಘಟ್ಟದ ಮೇಲೆ ಸಿಹಿಗುಂಬಳ ಎನಿಸಿಕೊಳ್ಳುವ ಕಾಯಿಗಳಲ್ಲಿ ಹೆಚ್ಚಿನವು ಬಟರ್‌ನಟ್ ಸೇರಿದ ಕುಕುರ್ಬಿಟ ಮೊಸ್ಕಾಟ ಎಂಬ ಪ್ರಭೇದಕ್ಕೇ ಸೇರಿದವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ ತಳಿಗಳೂ ಅದೇ ಪ್ರಭೇದದವು.

ಕಾಯಿಯನ್ನು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ತೊಟ್ಟು ಒಣಗಿ ಗಟ್ಟಿಯಾಗಿರಬೇಕು, ಉಗುರು ಊರಿದರೆ ಸಿಪ್ಪೆ ಒಳಗಿಳಿಯಬಾರದು. ಕೊಯ್ದು ಕೆಲವು ವಾರ ಅಟ್ಟದಲ್ಲಿಟ್ಟ ಕಾಯಿ ಇನ್ನೂ ಒಳ್ಳೆಯದು, ಏಕೆಂದರೆ ಅಷ್ಟರಲ್ಲಿ ಅದರ ಹಿಟ್ಟಿನಂಶ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗಿ ಮಾರ್ಪಡುತ್ತದೆ. ಸುಮಾರು 1 ಕಿಲೋ ಕಾಯಿಯನ್ನು ಸಿಪ್ಪೆ ಸಹಿತ ಒಂದಂಗುಲ ದಪ್ಪದ ಹೋಳು ಮಾಡಿ, ಬೀಜ ತೆಗೆದು, 2 ಚಮಚ ತೆಂಗಿನೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಸವರಿಕೊಳ್ಳಬೇಕು. ಓವನ್ ಇದ್ದವರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40 ನಿಮಿಷ ಇಡಬಹುದು. ಇಲ್ಲದವರಿಗೆ ದಪ್ಪ ತಳದ ಕಬ್ಬಿಣದ ಬಾಣಲೆಯೋ ಗೆರಟೆಯ ಕೆಂಡವೋ ಧಾರಾಳ ಸಾಕು. ಬಾಣಲೆಗೆ ಮುಚ್ಚಳ ಹಾಕಬಾರದು ಎಂಬುದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಬೇಗ ಬೇಯಲೆಂದು ಮೊದಲ ಸಲ ನಾನು ಮುಚ್ಚಿಟ್ಟದ್ದರಿಂದ ಒಳಗಿನ ಆವಿ ಹೋಳಿಗೇ ಇಳಿದು, ಅದು ನೀರು ನೀರಾದ ಬೆಂದ ಕಾಯಿಯಾಯಿತು. ಸುಡುವ ಉದ್ದೇಶವೇ ಕಾಯಿಯ ನೀರನ್ನು ಹೊರಗೆ ಹಾಕುವುದು. ನೀರು ಆರಿದ ತಿರುಳಷ್ಟೇ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಅಂಚು ಕಂದಿದಲ್ಲಿ ಸಿಹಿಗೆ ಒಂದು ಹದವಾದ ಕಹಿಯೂ ಕೂಡಿಕೊಳ್ಳುತ್ತದೆ.

ತಿರುಳನ್ನು ಚಮಚದಲ್ಲಿ ಕೆರೆದು ನುಣ್ಣಗೆ ಹಿಸುಕಿದ ಮೇಲೆ ಕ್ರೀಮಿನ ಬದಲು ಒಂದು ಲೋಟ ತೆಂಗಿನ ಹಾಲು ಸೇರಿಸಬೇಕು. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಈ ಕಾಸರಗೋಡಿನಲ್ಲಿ ಡಬ್ಬಿಯ ಕ್ರೀಮಿಗೆ ಅಂಗಡಿ ಹುಡುಕುವುದು ನನಗೆ ಸರಿಕಾಣುವುದಿಲ್ಲ. ನೀರು ಬೆರೆಸದೆ ಹಿಂಡಿದ ಮೊದಲ ಹಾಲೇ ಆಗಬೇಕು, ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು. ಕುದಿಸಿದರೆ ಹಾಲು ಒಡೆದು ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ. ತೆಂಗಿನ ಹಾಲು ಹಾಕಿ ಓಲನ್ ಎಂಬ ಮೇಲೋಗರ ಮಾಡುವ ನಮ್ಮ ನೆರೆಯ ಮಲಯಾಳಿ ಮನೆಗಳವರಿಗೆ ಇದು ಹೊಸ ಮಾತಲ್ಲ. ಕಾಯಿಗೆ ಬಣ್ಣ ಕೊಡುವ ಬೀಟಾ ಕೆರೋಟಿನ್ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ, ತೆಂಗಿನ ಹಾಲಿನೊಡನೆ ಉಂಡರೆ ಅದು ದೇಹಕ್ಕೆ ಹೆಚ್ಚು ದಕ್ಕುತ್ತದೆ ಎಂಬುದೂ ಗಮನಿಸಬೇಕಾದ ಸಂಗತಿ. ಕೊನೆಗೆ ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನಸೊಪ್ಪಿನ ಒಗ್ಗರಣೆ ಕೊಟ್ಟರೆ ಕುಚ್ಚಿಲಕ್ಕಿ ಗಂಜಿಗೂ ಚಪಾತಿಗೂ ಹೊಂದುತ್ತದೆ. ಖಾರ ಬೇಕಾದವರು ಎರಡು ಗಾಂಧಾರಿ ಮೆಣಸು ನುರಿದು ಹಾಕಬಹುದು.

ಇಂತಹ ಅಡುಗೆಗಳನ್ನು ಪ್ರಕಟಿಸುವಾಗ ಕಾಯಿಯ ಊರಿನ ಹೆಸರುಗಳನ್ನೂ ಆವರಣದಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ. ಬರೇ ‘ಕುಂಬಳಕಾಯಿ’ ಎಂದು ಅಚ್ಚಾದರೆ ನಮ್ಮಲ್ಲಿ ಅನೇಕರು ಬೂದುಗುಂಬಳವನ್ನೇ ತರುತ್ತಾರೆ. ಅದು ನೀರುಕಾಯಿ, ಎಷ್ಟು ಸುಟ್ಟರೂ ಕೆನೆಯಂತಾಗುವುದಿಲ್ಲ.

ಇತಿ,
ಓರ್ವ ಗೃಹಿಣಿ
ನೀರ್ಚಾಲು, ಕಾಸರಗೋಡು ಜಿಲ್ಲೆ