ಆಟಕ್ಕೆ ಕಥೆ ಬರೆಯಬೇಕು ಅನ್ನುವವರಿಗೆ

ಗೆಳೆಯರೇ, ಡಂಜನ್ಸ್ ಅಂಡ್ ಡ್ರಾಗನ್ಸ್ ತರಹದ ಆಟಗಳಿಗೆ ಬರೆಯುವ ಕೆಲಸದ ಬಗ್ಗೆ ಕೇಳುತ್ತಲೇ ಇದ್ದೀರಿ. ಒಬ್ಬರು ಕಥೆಯ ಸನ್ನಿವೇಶ ಹೇಳುತ್ತಾ ಆಡಿಸುತ್ತಾರೆ, ಉಳಿದವರು ಪಾತ್ರಗಳಾಗಿ ಏನು ಮಾಡಬೇಕೆಂದು ನಿರ್ಧರಿಸಿ ದಾಳ ಉರುಳಿಸುತ್ತಾರೆ, ಅಂಥ ಆಟಗಳಿವು. ಪ್ರಕಾಶಕರಿಗೆ ಸುಮ್ನೆ ಮೇಲ್ ಹಾಕಿದರೆ ಉತ್ತರ ಬರುವುದು ಕಷ್ಟ. ಅವರಿಗೆ ನೀವು ಬರೆದು ಪ್ರಕಟಿಸಿದ ಮಾದರಿ ಬೇಕು. ಅದನ್ನು ನೀವೇ ಮಾಡಿಕೊಳ್ಳಬಹುದು. ಆ ಆಟದ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಅಂದರೆ ಯಾರು ಬೇಕಾದರೂ ಬಳಸಬಹುದು. ಮೂಲವನ್ನು ನಮೂದಿಸಿ, ಅವುಗಳ ಮೇಲೆ ಸಾಹಸ, ಅಂದರೆ ಆಡಿಸಲು ಸಿದ್ಧವಾದ ಕಥೆ, ಬರೆದು ಇಂಥ ಆಟಗಳ ಪುಸ್ತಕ ಮಾರುವ ಡ್ರೈವ್‌ಥ್ರೂಆರ್‌ಪಿಜಿ ಜಾಲತಾಣದಲ್ಲಿ ಮಾರಬಹುದು. ಇಂಗ್ಲಿಷಿನಲ್ಲಿ ಬರೆದರೆ ಒಳ್ಳೆಯದು.

ನಾಲ್ಕು ಪುಟ ಸಾಕು. ಯುರೋಪಿನ ಕೋಟೆ ಎಲ್ಲರೂ ಬರೆಯುತ್ತಾರೆ. ನಮ್ಮ ಬೀದರಿನ ಕರೇಜ್ ನೋಡಿದ್ದೀರಲ್ವಾ? ನೆಲದಡಿ ನೀರಿನ ಸುರಂಗ, ಅಲ್ಲಲ್ಲಿ ಮೇಲಿಂದ ಇಳಿದ ಬಾವಿಗಳು. ಬಾವಿಯ ಬುಡದಲ್ಲಿ ಬೆಳಕು, ಮುಂದಿನ ಬಾವಿವರೆಗೂ ಕತ್ತಲೆ. ಎಲ್ಲಿ ಇಳಿಯಬೇಕು, ನೀರು ಏರಿದರೆ ಎಲ್ಲಿ ಹತ್ತಬೇಕು ಅಂತ ಆಟಗಾರರು ತಲೆ ಕೆಡಿಸಿಕೊಳ್ಳಲಿ. ಕಥೆಯ ಕೊನೆಯನ್ನು ಮಾತ್ರ ನೀವು ಬರೆಯಬೇಡಿ, ಅದು ಅವರ ಪಾಲು.

ಮುಂದೆ ಪ್ರಕಾಶಕರು ಕೆಲಸ ಕೊಟ್ಟರೆ, ಸಂಭಾವನೆ ಸಾಮಾನ್ಯವಾಗಿ ಪದದ ಲೆಕ್ಕದಲ್ಲಿ. 2,000 ಪದ ಕೇಳಿದರೆ ಅಷ್ಟಕ್ಕೇ ನಿಲ್ಲಿಸಿ. ಜಾಸ್ತಿ ಕೊಟ್ಟರೆ ಸಂಪಾದಕರಿಗೆ ಖುಷಿಯಲ್ಲ, ತಲೆನೋವು. ಹಕ್ಕು ಯಾರದು, ಹಣ ಯಾವಾಗ ಎಂಬುದನ್ನು ಕರಾರಿನಲ್ಲಿ ಓದಿಯೇ ಸಹಿ ಹಾಕಿ. ಇದನ್ನು ನಂಬಿ ಇರುವ ನೌಕರಿ ಬಿಡಬೇಡಿ ಮತ್ತೆ!

ಬರೆದದ್ದನ್ನು ಭಾನುವಾರ ಸೂಪರ್ ಮಾರ್ಕೆಟ್ ಹತ್ತಿರದ ರೂಮಿಗೆ ತನ್ನಿ. ಬರೆದವರು ಬಾಯಿ ಬಿಡುವಂತಿಲ್ಲ, ಬೇರೆಯವರು ಓದಿ ಆಡಿಸುತ್ತಾರೆ. ದಾಳ ನಾನು ತರುತ್ತೇನೆ.