ದೂರದ ಚಾರಣ ಕಡಿಮೆ, ಕಲಿಸುವುದು ಜಾಸ್ತಿ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮ್ಮ ಜೊತೆ ಕಾಡು, ಬೆಟ್ಟ ಸುತ್ತಿದ ಎಲ್ಲರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ಸೀಸನ್‌ನಿಂದ ದೂರದ ಚಾರಣಗಳಿಗೆ ನಾವಿಬ್ಬರು ಗೈಡ್‌ಗಳಾಗಿ ಬರುವುದಿಲ್ಲ. ಸಂಸ್ಥೆ ಮುಚ್ಚುತ್ತಿಲ್ಲ, ಇದು ಪೂರ್ತಿ ನಿವೃತ್ತಿಯೂ ಅಲ್ಲ. ವರ್ಷದಲ್ಲಿ ಅರ್ಧ ಕಾಲ ಕೆಲಸ ಮಾಡುತ್ತೇವೆ. ಅದೂ ಒಂದೇ ಕಡೆ ಬಿಡಾರ ಹೂಡಿ, ಕೂತು ಕಲಿಸುವ ಕೆಲಸ. ಬೆಂಕಿ ಹೊತ್ತಿಸುವುದು, ಚಾಕು ಮಸೆಯುವುದು, ಗಂಟು ಹಾಕುವುದು, ದಿಕ್ಕು ಹಿಡಿಯುವುದು, ಹೆಜ್ಜೆಗುರುತು ಓದುವುದು.

ಕಾರಣ ನಿಮಗೆ ಗೊತ್ತಾಗಬೇಕು. ಬೆಟ್ಟದ ನಡಿಗೆಗೆ ಒಂದು ಹಳೆಯ ಲೆಕ್ಕವಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟದ್ದು. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ಎಲ್ಲ ಚಾರಣಗಳನ್ನೂ ಈ ಲೆಕ್ಕ ಹಿಡಿದೇ ಹಾಕುತ್ತಿದ್ದೆವು. ಏರು ಈಗಲೂ ಹತ್ತುತ್ತೇವೆ. ಕಷ್ಟ ಆಗುವುದು ಇಳಿಯುವಾಗ, ಬೆನ್ನ ಮೇಲೆ ಹೊರೆ ಇದ್ದಾಗ. ಮೊಣಕಾಲು ಕೇಳುವುದಿಲ್ಲ.

ಕಳೆದ ಸೀಸನ್‌ನಲ್ಲಿ ಒಬ್ಬರ ಕಾಲು ಉಳುಕಿತು. ಅವರನ್ನು ಹೊತ್ತು ಇಳಿಸಬೇಕಾಯಿತು. ನಮ್ಮ ಕಿರಿಯ ಗೈಡ್ ಒಂದೇ ಉಸಿರಿಗೆ ಅರ್ಧ ದಾರಿ ಹೊತ್ತು ತಂದ. ನಾವು ಹತ್ತು ನಿಮಿಷಕ್ಕೊಮ್ಮೆ ನಿಂತೆವು. ಅವರು ಕ್ಷೇಮವಾಗಿ ಕೆಳಗೆ ಬಂದರು, ಏನೂ ತೊಂದರೆ ಆಗಲಿಲ್ಲ. ಆದರೆ ಅವತ್ತು ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಗೈಡ್ ಆದವನಿಗೆ ತಾನು ನಡೆಯುವಷ್ಟು ಶಕ್ತಿ ಇದ್ದರೆ ಸಾಲದು. ಇನ್ನೊಬ್ಬರನ್ನು ಹೊರುವಷ್ಟು ಮಿಕ್ಕಿರಬೇಕು. ಅಷ್ಟು ನಮ್ಮಲ್ಲಿ ಈಗ ಮಿಕ್ಕಿಲ್ಲ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಹನ್ನೊಂದು ಸಲ ನಮ್ಮ ಜೊತೆ ಬಂದ ಒಬ್ಬರು ಒಂದು ಸಂಜೆ ಬೆಂಕಿಯ ಮುಂದೆ ಕೂತು, 'ಇಷ್ಟು ವರ್ಷ ಬಂದಿದ್ದೀನಿ, ಒಂದು ದಿನವೂ ನಾನೇ ಬೆಂಕಿ ಹೊತ್ತಿಸಿಲ್ಲ ಅಲ್ವಾ?' ಅಂದರು. ದೂರು ಹೇಳುವ ದನಿಯಲ್ಲ, ಸುಮ್ನೆ ಹೇಳಿದರು. ನಮಗೆ ಮಾತ್ರ ಚುರುಕ್ ಎಂದಿತು. ದಣಿದು ಬಂದಿದ್ದಾರೆ, ಕೂರಲಿ ಬಿಡಿ ಅಂದುಕೊಂಡು ಡೇರೆ ನಾವೇ ಕಟ್ಟುತ್ತಿದ್ದೆವು, ಸೌದೆ ನಾವೇ ಸೀಳುತ್ತಿದ್ದೆವು, ನಕ್ಷೆ ನಮ್ಮ ಜೇಬಲ್ಲೇ ಇರುತ್ತಿತ್ತು. ಅದನ್ನೇ ಒಳ್ಳೆಯ ಸೇವೆ ಅಂದುಕೊಂಡಿದ್ದೆವು. ತಪ್ಪಾಯಿತು. ಕಾಲಲ್ಲಿ ಕಸುವು ಇರುವಾಗಲೇ ಇದನ್ನು ಕಲಿಸಬೇಕಿತ್ತು.

ಹಾಗಾದರೆ ಬಿಡಾರದಲ್ಲಿ ಏನು ನಡೆಯುತ್ತದೆ? ಬೆಂಕಿಯನ್ನೇ ತೆಗೆದುಕೊಳ್ಳಿ. ಒಂದು ಬಿಲ್ಲು, ಒಂದು ಕಡ್ಡಿ, ಕೆಳಗೊಂದು ಹಲಗೆ, ಕಡ್ಡಿಯ ತಲೆ ಒತ್ತಿ ಹಿಡಿಯಲು ಒಂದು ಗಟ್ಟಿ ತುಂಡು. ಬಿಲ್ಲಿನ ಹಗ್ಗಕ್ಕೆ ಕಡ್ಡಿ ಸುತ್ತಿ ಹಿಂದೆ ಮುಂದೆ ಆಡಿಸಿದರೆ, ಕಡ್ಡಿ ಹಲಗೆಯ ಕುಳಿಯಲ್ಲಿ ತಿರುಗಿ ಉಜ್ಜಿ ಬಿಸಿಯಾಗುತ್ತದೆ. ಮರ ಆರಿಸುವುದರಲ್ಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಮರದಲ್ಲೇ ಒಣಗಿ ನಿಂತ ಕೊಂಬೆ ಬೇಕು, ನೆಲಕ್ಕೆ ಬಿದ್ದು ತೇವ ಕುಡಿದದ್ದು ಬೇಡ. ಉಗುರು ಒತ್ತಿದರೆ ಸಣ್ಣ ಗುರುತು ಬೀಳುವಷ್ಟು ಮೆತ್ತಗಿರಬೇಕು. ಹಲಗೆಯ ಕುಳಿಗೆ ಅಂಚಿನಿಂದ ಒಂದು ಕಚ್ಚು ಹಾಕಬೇಕು, ಉದುರುವ ಪುಡಿ ಅಲ್ಲೇ ಗುಡ್ಡೆಯಾಗಲಿ ಅಂತ.

ಆಮೇಲೆ ನೋಡಬೇಕಾದದ್ದು ಆ ಪುಡಿಯನ್ನೇ. ತಿಳಿ ಕಂದು ಬಣ್ಣದ್ದಾದರೆ ಬಿಸಿ ಸಾಲದು, ಇನ್ನಷ್ಟು ಒತ್ತಿ, ಜೋರಾಗಿ ಆಡಿಸಿ. ಕಪ್ಪಗೆ, ನುಣ್ಣಗೆ ಬಿದ್ದರೆ ದಾರಿ ಸರಿ ಇದೆ. ಬಿಲ್ಲು ನಿಲ್ಲಿಸಿದ ಮೇಲೂ ಪುಡಿಯಿಂದ ಹೊಗೆ ಏಳುತ್ತಲೇ ಇದ್ದರೆ ಕೆಂಡ ಹುಟ್ಟಿತು ಅಂತ ಅರ್ಥ. ಹೆಚ್ಚಿನವರು ಎಡವುವುದು ಇಲ್ಲೇ. ಖುಷಿಯಲ್ಲಿ ಗಡಿಬಿಡಿ ಮಾಡಿ ಕೆಂಡ ಚೆಲ್ಲಿಬಿಡುತ್ತಾರೆ. ಗಡಿಬಿಡಿ ಬೇಡ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿದೆ. ಒಣ ಹುಲ್ಲಿನ ಗೂಡಿಗೆ ಅದನ್ನು ಮೆಲ್ಲಗೆ ಇಳಿಸಿ, ಉದ್ದನೆಯ ಉಸಿರಲ್ಲಿ ಊದಿ. ಮೊದಲ ದಿನವೇ ಬೆಂಕಿ ಬರುತ್ತದೆ ಅಂತ ಮಾತು ಕೊಡುವುದಿಲ್ಲ. ಕೈಯಲ್ಲಿ ಗುಳ್ಳೆ ಏಳಬಹುದು. ಆದರೂ ಒಮ್ಮೆ ಬಂದ ಮೇಲೆ ಆ ಮುಖ ನೋಡಬೇಕು. ನಮಗೆ ಇಷ್ಟು ವರ್ಷದಲ್ಲಿ ಅದಕ್ಕಿಂತ ದೊಡ್ಡ ಸಂಬಳ ಸಿಕ್ಕಿಲ್ಲ.

ಬೆಂಕಿ ಹೊತ್ತಿಸಿದವರೇ ಆರಿಸಲೂ ಬೇಕು. ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಕೊನೆಗೆ ಬೂದಿಯನ್ನು ಕೈಯಿಂದ ಮುಟ್ಟಿ ನೋಡುವ ತನಕ ಜಾಗ ಬಿಡುವಂತಿಲ್ಲ. ಬೆಂಕಿ ನಿಷೇಧ ಇರುವ ದಿನಗಳಲ್ಲಿ ಈ ಪಾಠವನ್ನೇ ಬಿಡುತ್ತೇವೆ. ಇದರಲ್ಲಿ ಚೌಕಾಸಿ ಇಲ್ಲ.

ರಾತ್ರಿ ಆಕಾಶದ ಪಾಠ. ಸಪ್ತರ್ಷಿ ಮಂಡಲದಲ್ಲಿ ಬಾಲದ ಎದುರು ತುದಿಯ ಎರಡು ನಕ್ಷತ್ರಗಳ ನಡುವಿನ ಅಂತರವನ್ನು ಅದೇ ನೇರಕ್ಕೆ ಐದು ಪಟ್ಟು ಎಳೆದರೆ ಧ್ರುವ ನಕ್ಷತ್ರ ಸಿಗುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಸುಮಾರು 10 ಡಿಗ್ರಿ. ದಿಗಂತದಿಂದ ಧ್ರುವ ನಕ್ಷತ್ರದ ತನಕ ಎಷ್ಟು ಮುಷ್ಟಿ ಅಂತ ಎಣಿಸಿದರೆ ನೀವು ನಿಂತ ಜಾಗದ ಅಕ್ಷಾಂಶವೇ ಕೈಗೆ ಬರುತ್ತದೆ. ಹಗಲಲ್ಲಿ ಅದೇ ಕೈ ಗಡಿಯಾರ. ಸೂರ್ಯನಿಗೂ ದಿಗಂತಕ್ಕೂ ನಡುವೆ ಹಿಡಿಸುವ ಒಂದೊಂದು ಬೆರಳಿಗೂ ಸೂರ್ಯ ಮುಳುಗಲು ಸುಮಾರು ಕಾಲು ಗಂಟೆ. ಜಿಪಿಎಸ್ ಬೇಡ ಅನ್ನುವವರು ನಾವಲ್ಲ, ನಾವೂ ಬಳಸುತ್ತೇವೆ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಅದು ಇಳಿದ ಮೇಲೂ ನೀವು ದಾರಿ ಹಿಡಿದು ವಾಪಸ್ ಬರಬೇಕು.

ನೀರು, ಗಂಟು, ಹೆಜ್ಜೆಗುರುತು ಎಲ್ಲವೂ ಇರುತ್ತವೆ, ಇಲ್ಲಿ ಬರೆಯುತ್ತಾ ಕೂತರೆ ಪತ್ರ ಮುಗಿಯುವುದಿಲ್ಲ. ಒಂದನ್ನು ಮಾತ್ರ ಈಗಲೇ ನೆನಪಿಡಿ. ಹೊಳೆಯ ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ. 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ, ಅಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ.

ಬುಕಿಂಗ್ ವಿಷಯ. ಈ ಸೀಸನ್‌ಗೆ ಹಣ ಕಟ್ಟಿದವರ ಚಾರಣಕ್ಕೆ ನಾವೇ ಬರುತ್ತೇವೆ, ಜೊತೆಗೆ ಒಬ್ಬ ಕಿರಿಯ ಗೈಡ್ ಕಡ್ಡಾಯ. ಮುಂದಿನ ಸೀಸನ್‌ನ ದೂರದ ಚಾರಣಗಳನ್ನು ಮೂವರು ಕಿರಿಯರು ನಡೆಸುತ್ತಾರೆ. ವರ್ಷಗಟ್ಟಲೆ ನಮ್ಮ ಜೊತೆ ನಡೆದವರು, ಅವರನ್ನು ನಂಬಿ ನಮ್ಮ ಮನೆಯವರನ್ನೇ ಕಳಿಸಿದ್ದೇವೆ. ನಾವಿಲ್ಲದಿದ್ದರೆ ಬೇಡ ಅನ್ನಿಸಿದರೆ ಕೇಳಿ, ಕಟ್ಟಿದ ಹಣ ಒಂದು ಪೈಸೆ ಹಿಡಿಯದೆ ವಾಪಸ್ ಕೊಡುತ್ತೇವೆ. ಬೇಸರ ಮಾಡಿಕೊಳ್ಳುವುದಿಲ್ಲ.

ಕಲಿಕೆಯ ಬಿಡಾರ ಮೂರು ದಿನದ್ದು. ಒಂದು ತಂಡಕ್ಕೆ ಆರು ಜನ, ಅಷ್ಟೇ. ಅದಕ್ಕಿಂತ ಜಾಸ್ತಿಯಾದರೆ ಎಲ್ಲರ ಕೈಯ ಮೇಲೂ ಕಣ್ಣಿಡಲು ಆಗುವುದಿಲ್ಲ. ಹಳಬರಿಗೆ ಮೊದಲ ಅವಕಾಶ. ಹತ್ತು ವರ್ಷ ದಾಟಿದ ಮಕ್ಕಳನ್ನೂ ಕರೆತರಬಹುದು, ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು.

ಬರುವಾಗ ಮನೆಯಲ್ಲಿ ಮೂಲೆ ಸೇರಿದ ಚಾಕು ಒಂದಿದ್ದರೆ ತನ್ನಿ. ತುಕ್ಕು ಹಿಡಿದಿರಲಿ, ಮೊಂಡಾಗಿರಲಿ, ಪರವಾಗಿಲ್ಲ. ಮೊದಲ ಬೆಳಿಗ್ಗೆ ಅದನ್ನು ಮಸೆಯುವುದರಿಂದಲೇ ಶುರು.

ನಿಮ್ಮ ದಾರಿ ಕಾಯುತ್ತಾ,
ನಿಮ್ಮ ಇಬ್ಬರು ಹಳೆಯ ಗೈಡ್‌ಗಳು