ದೊಡ್ಡ ಕ್ಯಾರವಾನ್ ಕೊಟ್ಟಿರಿ, ನಾವು ಕೇಳಿದ್ದನ್ನು ಕೊಡಲಿಲ್ಲ

ಮಾರಾಟ ವ್ಯವಸ್ಥಾಪಕರಿಗೆ,

ವಿಷಯ: ವಯಸ್ಸಾದ ದಂಪತಿಗೆ ಹೊಂದದ ಕ್ಯಾರವಾನ್ ಮಾರಿದ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಮಳಿಗೆಯಲ್ಲಿ ಈಚೆಗೆ ನಾವು ಕೊಂಡ, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಗಾಡಿ, ಅಂದರೆ ಎರಡು ಆಕ್ಸಲ್‌ನ (ಎರಡು ಜೊತೆ ಚಕ್ರದ) ಕ್ಯಾರವಾನ್ ಬಗ್ಗೆ ಬರೆಯುತ್ತಿದ್ದೇನೆ. ನಮಗಿಬ್ಬರಿಗೂ ಎಪ್ಪತ್ತು ದಾಟಿದೆ, ಹೆಂಡತಿಗೆ ಮಂಡಿನೋವು, ನಾನು ರಾತ್ರಿ ಪದೇಪದೇ ಏಳಬೇಕಾಗುತ್ತದೆ. ಇದನ್ನೆಲ್ಲ ಮೊದಲೇ ನಿಮ್ಮ ಸಿಬ್ಬಂದಿಗೆ ಬಿಡಿಸಿ ಹೇಳಿದ್ದೆವು. ಹಳೆಯ ಚಿಕ್ಕ ಕ್ಯಾರವಾನ್‌ನಲ್ಲಿ ದಿನಾ ಸಂಜೆ ಸೀಟು ಜೋಡಿಸಿ ಹಾಸಿಗೆ ಮಾಡುವುದು, ಒಬ್ಬರನ್ನು ದಾಟಿ ಇನ್ನೊಬ್ಬರು ಇಳಿಯುವುದು ಕಷ್ಟವಾಗಿಯೇ ದೊಡ್ಡದನ್ನು ಹುಡುಕಿಕೊಂಡು ಬಂದದ್ದು.

ಈಗಿನ ಮಂಚ ಅಡ್ಡಲಾಗಿದೆ, ಹಗಲು ಒಳಕ್ಕೆ ತಳ್ಳಿಡುವಂಥದ್ದು. ರಾತ್ರಿ ಪೂರ್ತಿ ಎಳೆದರೆ ಕಾಲ್ದೆಸೆಗೂ ಗೋಡೆಗೂ ನಡುವೆ ಪಕ್ಕಕ್ಕೆ ತಿರುಗಿ ನುಸುಳುವಷ್ಟೇ ಜಾಗ. ಶೌಚಾಲಯವಿರುವುದು ಅದರಾಚೆಯ ತುದಿಯಲ್ಲಿ! ಕತ್ತಲಲ್ಲಿ ಹೆಂಡತಿ ಗೋಡೆ ತಡವುತ್ತಾ ಹೋಗುತ್ತಾಳೆ, ಹಿಡಿದುಕೊಳ್ಳಲು ಒಂದು ಹಿಡಿಕೆಯೂ ಇಲ್ಲ. ಮಳಿಗೆಯಲ್ಲಿ ಮಂಚ ಎಳೆದು ತೋರಿಸಿ ಎಂದು ಕೇಳಿದ್ದೆವು. ಮೇಲೆ ಸಾಮಾನಿದೆ, ಕೊಡುವ ದಿನ ತೋರಿಸುತ್ತೇವೆ ಎಂದರು. ಆ ದಿನವೂ ತೋರಿಸಲಿಲ್ಲ.

ಇದಕ್ಕಿಂತ ದೊಡ್ಡ ತಕರಾರು ತೂಕದ್ದು. ಬಾಗಿಲ ಬಳಿಯ ಪ್ಲೇಟಿನ ಪ್ರಕಾರ ಗರಿಷ್ಠ ತೂಕ 1,800 ಕೆಜಿ. ಖಾಲಿ ತೂಕ 1,640 ಎಂದು ನಿಮ್ಮ ಕಾಗದದಲ್ಲಿದೆ. ಅಂದರೆ ನಮ್ಮ ಸಾಮಾನಿಗೆ 160 ಕೆಜಿ. ಆದರೆ ವಯಸ್ಸಾದವರಿಗೆ ಬೇಕೇ ಬೇಕು ಎಂದು ನೀವೇ ಹಾಕಿಕೊಟ್ಟ ಮೋಟಾರ್ ಮೂವರ್ (ಕಾರಿಲ್ಲದೆ ಕ್ಯಾರವಾನನ್ನು ಸರಿಸುವ ಯಂತ್ರ) 60 ಕೆಜಿ, ಚಾವಣಿಯ ಎಸಿ 30, ಹೆಚ್ಚುವರಿ ಬ್ಯಾಟರಿ 25. ಉಳಿದದ್ದು 45 ಕೆಜಿ. 40 ಲೀಟರ್ ನೀರು ತುಂಬಿದರೆ ಅದೂ ಮುಗಿಯಿತು. ಬಟ್ಟೆ, ಪಾತ್ರೆ, ಮಡಚುವ ಕುರ್ಚಿ, ಔಷಧದ ಪೆಟ್ಟಿಗೆ ಎಲ್ಲಿಡಬೇಕು? ಸಾಮಾನನ್ನು ಹಿಂದಕ್ಕೆ ಸರಿಸಿ ಎಂದು ಫೋನಿನಲ್ಲಿ ಸಲಹೆ ಕೊಟ್ಟರು. ಅದರಿಂದ ಒಟ್ಟು ತೂಕ ಒಂದು ಕೆಜಿಯೂ ಇಳಿಯುವುದಿಲ್ಲ. ಹಿಂಭಾಗ ಭಾರವಾದರೆ ವೇಗದಲ್ಲಿ ಕ್ಯಾರವಾನ್ ಓಲಾಡುತ್ತದೆ, ಕಾರನ್ನೂ ಎಳೆದಾಡುತ್ತದೆ. ಕ್ಯಾರವಾನ್ ಮಾರುವವರೇ ಇಂಥ ಮಾತಾಡಿದ್ದು ನನಗೆ ನಿಜಕ್ಕೂ ಭಯ ಹುಟ್ಟಿಸಿತು.

ಮೆಟ್ಟಿಲು ಎತ್ತರವಾಗಿದೆ. ಅದಕ್ಕೊಂದು ಗಟ್ಟಿ ಎರಡು ಹಂತದ ಮೆಟ್ಟಿಲು ಕೊಟ್ಟರೆ ಸಾಕು.

ಮೊದಲು, ಹಾಕಿದ ಎಲ್ಲ ಉಪಕರಣಗಳ ಸಮೇತ ಕ್ಯಾರವಾನನ್ನು ನಮ್ಮೆದುರೇ ವೇಬ್ರಿಡ್ಜ್‌ನಲ್ಲಿ ತೂಗಿ, ಚೀಟಿ ಕೊಡಿ. ಈ ಮಾದರಿಯ ಗರಿಷ್ಠ ತೂಕ ಏರಿಸಿ ತಯಾರಕರು ಹೊಸ ಪ್ಲೇಟ್ ಕೊಡುತ್ತಾರೋ, ಆ ತೂಕವನ್ನು ನಮ್ಮ ಕಾರು ಎಳೆಯಬಹುದೋ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ. ಆಗದಿದ್ದರೆ ಉದ್ದಕ್ಕೆ ಮಂಚವಿರುವ, ಎರಡೂ ಕಡೆಯಿಂದ ಇಳಿಯಬಹುದಾದ, ಮಂಚದ ಬದಿಯಲ್ಲೇ ಶೌಚಾಲಯಕ್ಕೆ ದಾರಿಯಿರುವ ಮಾದರಿಗೆ ಬದಲಿಸಿಕೊಡಿ. ಅದೂ ಸಾಧ್ಯವಿಲ್ಲವೆಂದರೆ ಕ್ಯಾರವಾನ್ ವಾಪಸ್ ಪಡೆದು ಪೂರ್ತಿ ಹಣ ಹಿಂದಿರುಗಿಸಿ. ಮೂವರ್ ಮತ್ತು ಎಸಿಯ ಹಣವೂ ಅದರಲ್ಲಿ ಸೇರಬೇಕು.

15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಬಿಲ್ಲು, ಪ್ಲೇಟಿನ ಫೋಟೊ, ನಿಮ್ಮ ಸಿಬ್ಬಂದಿಯ ಸಂದೇಶಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ